ಕದಲದ ವ್ಯಾನೂ ತರ್ಕಶಾಸ್ತ್ರವೂ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ವಾಹನದ ರಿಪೇರಿಯ ವಿಷಯವೇ ಎಂದು ವಾಚಕರು ಹುಬ್ಬೇರಿಸಬಹುದು. ಕುಮಾರವ್ಯಾಸನ ರೂಪಕಗಳನ್ನು ಕುರಿತೋ, ಪಂಚಾಯತ್ ರಾಜ್ಯದ ಗುಣದೋಷಗಳನ್ನು ಕುರಿತೋ ಬರೆಯಬೇಕಾದ ವಿದ್ಯಾರ್ಥಿ ಬ್ಯಾಟರಿ, ತಂತಿ, ತುಕ್ಕು ಎಂದು ಹೊರಟರೆ ಸಂಪಾದಕರಿಗೂ ಸ್ವಲ್ಪ ಸಂಕೋಚವಾಗುವುದು ಸಹಜ. ಆದರೆ ಬೆಳಗಿನ ಹೊತ್ತು ಮಿಸುಕದೆ ನಿಂತ ಒಂದು ಹಳೆಯ ವ್ಯಾನು ನಮ್ಮ ಮುಂದೆ ಒಡ್ಡುವ ಪ್ರಶ್ನೆ ಯಂತ್ರಶಾಸ್ತ್ರದ್ದಕ್ಕಿಂತ ಹೆಚ್ಚಾಗಿ ತರ್ಕಶಾಸ್ತ್ರದ್ದು. ಕಣ್ಣಿಗೆ ಕಾಣದ ಕಾರಣವನ್ನು ಕಣ್ಣಿಗೆ ಕಾಣುವ ಕಾರ್ಯದಿಂದ ಊಹಿಸುವುದು ಹೇಗೆ? ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ತಿಳಿಯುವ ನೈಯಾಯಿಕನೂ, ಕೀಲಿಯನ್ನು ತಿರುಗಿಸಿದಾಗ ಬರುವ 'ಟಿಕ್' ಎಂಬ ಶಬ್ದದಿಂದ ದೋಷವನ್ನು ಹಿಡಿಯುವ ಮೆಕ್ಯಾನಿಕ್ಕನೂ ಮಾಡುವ ಕೆಲಸ ಒಂದೇ. ಅದನ್ನು ಅನುಮಾನಪ್ರಮಾಣವೆಂದು ನಮ್ಮ ಹಿಂದಿನವರು ಕರೆದರು.

ನಾನು ಉದಾಹರಣೆಗೆ ತೆಗೆದುಕೊಳ್ಳುವುದು ನಮ್ಮೂರುಗಳಲ್ಲಿ ಎಲ್ಲರೂ ಬಲ್ಲ ಮಾರುತಿ ಓಮ್ನಿಯನ್ನು. 1984ರಲ್ಲಿ ಬರಿಯ 'ವ್ಯಾನ್' ಎಂಬ ಹೆಸರಿನಿಂದ ಹೊರಬಂದು, 1988ರಲ್ಲಿ ಓಮ್ನಿಯೆಂಬ ಹೆಸರನ್ನು ಪಡೆದು, 2019ರಲ್ಲಿ ತಯಾರಿಕೆ ನಿಂತುಹೋದ ಗಾಡಿ ಇದು. 796 ಸಿ.ಸಿ. ಗಾತ್ರದ, ಮೂರು ಸಿಲಿಂಡರಿನ ಪುಟ್ಟ ಎಂಜಿನು ಮುಂದಿನ ಸೀಟಿನ ಕೆಳಗೆ ಅಡಗಿದೆ. ತಯಾರಿಕೆ ನಿಂತರೂ ಮಲೆನಾಡಿನ ಕಾಡುದಾರಿಗಳಲ್ಲಿ, ಸಂತೆಯ ಬೀದಿಗಳಲ್ಲಿ, ಶಾಲೆಯ ಬಾಗಿಲಿನಲ್ಲಿ ಇದು ಇನ್ನೂ ದುಡಿಯುತ್ತಿದೆ. ದುಡಿಯುವ ಗಾಡಿಗೆ ವಯಸ್ಸಾದಾಗ ಮೊದಲು ಮುಪ್ಪು ಹಿಡಿಯುವುದು ಎಂಜಿನಿಗಲ್ಲ, ಅದರ ನರಮಂಡಲಕ್ಕೆ. ಎಂದರೆ ವಿದ್ಯುತ್ತಿನ ತಂತಿಗಳಿಗೆ ಮತ್ತು ಅವುಗಳ ಕೀಲುಗಳಿಗೆ.

ಮೊದಲು ಗಾಡಿ ಹೊರಡುವ ಕ್ರಮವನ್ನು ನೋಡೋಣ. ಪೆಟ್ರೋಲ್ ಎಂಜಿನು ತಾನಾಗಿ ಹೊರಡಲಾರದು. ಯಾರಾದರೂ ಅದನ್ನು ಮೊದಲು ನಾಲ್ಕಾರು ಸುತ್ತು ತಿರುಗಿಸಬೇಕು. ಹಿಂದೆ ಈ ಕೆಲಸಕ್ಕೆ ಗಾಡಿಯ ಮುಂದೆ ನಿಂತು ಕಬ್ಬಿಣದ ಹ್ಯಾಂಡಲನ್ನು ಸುತ್ತುತ್ತಿದ್ದರು. ಎಂಜಿನು ಹಿಂದಕ್ಕೆ ಒದೆದರೆ ಸುತ್ತುವವನ ಕೈ ಮುರಿಯುವುದೂ ಉಂಟಾಗಿತ್ತು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬುವನು ರೂಪಿಸಿದ ವಿದ್ಯುತ್ ಸ್ಟಾರ್ಟರು 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದಮೇಲೆ ಹ್ಯಾಂಡಲಿನ ಕಾಲ ಮುಗಿಯುತ್ತ ಬಂತು. ಈ ಸ್ಟಾರ್ಟರು ಮೋಟಾರನ್ನು ನಮ್ಮವರು 'ಸೆಲ್ಫ್' ಎನ್ನುತ್ತಾರೆ. ತತ್ತ್ವಶಾಸ್ತ್ರದ ತರಗತಿಯಲ್ಲಿ ಸೆಲ್ಫ್ ಎಂದರೆ ಆತ್ಮ. ಬಸ್ ನಿಲ್ದಾಣದಲ್ಲಿ ಸೆಲ್ಫ್ ಎಂದರೆ ಈ ಮೋಟಾರು. ಎರಡನ್ನೂ ಅರಿತವನಿಗೆ ಭಯವಿಲ್ಲವೆಂದು ನಮ್ಮ ಗೆಳೆಯರೊಬ್ಬರು ಹೇಳುವುದುಂಟು.

ಕೀಲಿಯನ್ನು ತಿರುಗಿಸಿದಾಗ ಒಂದು ಸಣ್ಣ ತಂತಿಯ ಮೂಲಕ ಅಲ್ಪ ವಿದ್ಯುತ್ತು ಸೆಲ್ಫಿನ ಮೇಲಿರುವ ಸಾಲೆನಾಯ್ಡಿಗೆ ಹೋಗುತ್ತದೆ. ಸಾಲೆನಾಯ್ಡು ಒಂದು ವಿದ್ಯುತ್ ಅಯಸ್ಕಾಂತ. ಅದು 'ಟಕ್' ಎಂದು ಒಳಗಿನ ಕಬ್ಬಿಣದ ಕಡ್ಡಿಯನ್ನು ಎಳೆದುಕೊಂಡು ಎರಡು ಕೆಲಸ ಮಾಡುತ್ತದೆ: ಸೆಲ್ಫಿನ ಚಿಕ್ಕ ಹಲ್ಲುಗಾಲಿಯನ್ನು ಎಂಜಿನಿನ ದೊಡ್ಡ ಹಲ್ಲುಗಾಲಿಗೆ ಕಚ್ಚಿಸುತ್ತದೆ, ಬ್ಯಾಟರಿಯ ದಪ್ಪ ತಂತಿಯನ್ನು ಮೋಟಾರಿಗೆ ಸೇರಿಸುತ್ತದೆ. ಆಗ ಮಹಾಪ್ರವಾಹ ಹರಿದು ಎಂಜಿನು ತಿರುಗುತ್ತದೆ. ತಿರುಗುವ ಎಂಜಿನು ಪೆಟ್ರೋಲಿನ ಆವಿಯನ್ನು ಒಳಗೆಳೆದು ಒತ್ತುತ್ತದೆ, ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ, ಆವಿ ಹೊತ್ತುತ್ತದೆ. ಅಲ್ಲಿಂದ ಮುಂದೆ ಎಂಜಿನು ಸ್ವತಂತ್ರ.

ಈ ಕ್ರಮವನ್ನು ಬಲ್ಲವನಿಗೆ 'ಗಾಡಿ ಸ್ಟಾರ್ಟಾಗುತ್ತಿಲ್ಲ' ಎಂಬ ಒಂದೇ ದೂರು ಮೂರಾಗಿ ಒಡೆದು ಕಾಣುತ್ತದೆ. ಕೀಲಿ ತಿರುಗಿಸಿದರೆ ಏನೂ ಸದ್ದಿಲ್ಲ, ಇದು ಮೌನ. ಟಕ್ ಎನ್ನುತ್ತದೆ ಅಥವಾ ಟಕಟಕ ಎನ್ನುತ್ತದೆ, ಆದರೆ ಎಂಜಿನು ತಿರುಗುವುದಿಲ್ಲ, ಇದು ಗೊಣಗು. ಎಂಜಿನು ಚೆನ್ನಾಗಿ ತಿರುಗುತ್ತದೆ, ಆದರೆ ಹೊತ್ತಿಕೊಳ್ಳುವುದಿಲ್ಲ, ಇದು ವ್ಯರ್ಥ ಪ್ರಯತ್ನ. ಜ್ವರ ಬಂದವನನ್ನು ಕಂಡ ವೈದ್ಯ ಮೊದಲು ಎಂಥ ಜ್ವರವೆಂದು ಕೇಳುವಂತೆ ನಾವೂ ಮೊದಲು ಈ ಮೂರರಲ್ಲಿ ಯಾವುದೆಂದು ಕೇಳಬೇಕು. ಇದನ್ನು ಕೇಳದೆ ಸಾಮಾನು ಬದಲಾಯಿಸಲು ಹೊರಡುವವನು ಕತ್ತಲೆಯಲ್ಲಿ ಕಲ್ಲೆಸೆಯುವವನು.

ಇನ್ನು ವಿದ್ಯುತ್ತಿನ ಸ್ವಭಾವದ ಬಗ್ಗೆ ಎರಡು ಮಾತು. ಕೆರೆ, ತೂಬು, ಕಾಲುವೆ, ಗದ್ದೆ ಇವನ್ನು ಬಲ್ಲ ಯಾರಿಗೂ ಇದು ಕಷ್ಟವಲ್ಲ. ಬ್ಯಾಟರಿ ಕೆರೆ. ಕೆರೆಯಲ್ಲಿ ನೀರು ನಿಂತ ಎತ್ತರ ವೋಲ್ಟೇಜು. ಕಾಲುವೆಯಲ್ಲಿ ಹರಿಯುವ ನೀರು ಆಂಪಿಯರು. ಕಾಲುವೆಯಲ್ಲಿ ಬೆಳೆದ ಜೊಂಡು, ತುಂಬಿದ ಹೂಳು ಇವು ತಡೆ. ಅದರ ಅಳತೆ ಓಮ್. 1827ರಲ್ಲಿ ಜರ್ಮನಿಯ ಗಿಯೋರ್ಗ್ ಓಮ್ ಪ್ರಕಟಿಸಿದ ನಿಯಮ ಇಷ್ಟೆ: ಒಂದು ತಡೆಯನ್ನು ದಾಟುವಾಗ ಕಳೆದುಹೋಗುವ ವೋಲ್ಟೇಜು ಹರಿಯುವ ಆಂಪಿಯರನ್ನು ತಡೆಯ ಓಮ್‌ನಿಂದ ಗುಣಿಸಿದಷ್ಟು. ಈ ಗುಣಾಕಾರವೊಂದನ್ನು ನೆನಪಿಟ್ಟರೆ ಮಿಕ್ಕದ್ದೆಲ್ಲ ಅದರಿಂದಲೇ ಹುಟ್ಟುತ್ತದೆ.

ವ್ಯಾನಿನಲ್ಲಿರುವುದು ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿ. ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ 1859ರಲ್ಲಿ ಕಂಡುಹಿಡಿದ ಈ ಬಗೆ ಇಂದಿಗೂ ಬಳಕೆಯಲ್ಲಿದೆ. ಒಳಗೆ ಆರು ಕೋಶಗಳು. ಒಂದೊಂದೂ ಸುಮಾರು 2.1 ವೋಲ್ಟು. ಆದ್ದರಿಂದ ಪೂರ್ತಿ ತುಂಬಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ವೋಲ್ಟು ತೋರಿಸಬೇಕು. 12.2 ಎಂದರೆ ಸುಮಾರು ಅರ್ಧ ಖಾಲಿ; 12.0ಕ್ಕೆ ಇಳಿದರೆ ಕಾಲು ಭಾಗ ಮಾತ್ರ ಉಳಿದಿದೆ; 11.8 ಎಂದರೆ ತಳ ಕಂಡಿದೆ. 12ಕ್ಕೂ 12.6ಕ್ಕೂ ನಡುವಿನ ಅಂತರ ನೋಡುವುದಕ್ಕೆ ಅಲ್ಪ, ಅರ್ಥದಲ್ಲಿ ಅಗಾಧ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರು ಇದನ್ನು ಕ್ಷಣದಲ್ಲಿ ಹೇಳುತ್ತದೆ.

ಈಗ ಜನರ ಬಾಯಲ್ಲಿ ಸದಾ ಇರುವ ಒಂದು ವಾದವನ್ನು ಪರೀಕ್ಷಿಸೋಣ. 'ಲೈಟು ಉರಿಯುತ್ತದೆ, ಹಾರ್ನು ಕೂಗುತ್ತದೆ. ಆದ್ದರಿಂದ ಬ್ಯಾಟರಿ ಮತ್ತು ತಂತಿಗಳು ಸರಿಯಾಗಿವೆ. ಆದ್ದರಿಂದ ಸೆಲ್ಫೇ ಕೆಟ್ಟಿದೆ.' ಕೇಳುವುದಕ್ಕೆ ಎಷ್ಟು ನಿರ್ದುಷ್ಟವಾಗಿದೆ! ಆದರೆ ನ್ಯಾಯಶಾಸ್ತ್ರದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸವನ್ನು ಓದಿದವರು ಇಲ್ಲಿ ಎಚ್ಚರಗೊಳ್ಳಬೇಕು. ಯಾವ ಹೇತು ಸಾಧ್ಯವಿರುವ ಕಡೆಯೂ ಇರುತ್ತದೋ, ಸಾಧ್ಯವಿಲ್ಲದ ಕಡೆಯೂ ಇರುತ್ತದೋ ಅದು ಏನನ್ನೂ ಸಾಧಿಸಲಾರದು. ಬ್ಯಾಟರಿ ಗಟ್ಟಿಯಾಗಿದ್ದಾಗಲೂ ಲೈಟು ಉರಿಯುತ್ತದೆ. ಬ್ಯಾಟರಿ ಮುಕ್ಕಾಲು ಖಾಲಿಯಾದಾಗಲೂ ಉರಿಯುತ್ತದೆ. ಹಾಗಾದಮೇಲೆ ಲೈಟಿನ ಬೆಳಕು ಬ್ಯಾಟರಿಯ ಆರೋಗ್ಯಕ್ಕೆ ಸಾಕ್ಷಿಯಾಗುವುದೆಂತು?

ಲೆಕ್ಕ ಹಾಕಿ ನೋಡಿ. ಮುಂದಿನ ಎರಡು ದೀಪಗಳೂ ಸೇರಿ ಎಳೆಯುವುದು ಸುಮಾರು 10 ಆಂಪಿಯರು. ಸೆಲ್ಫು ಎಳೆಯುವುದು 80, 100, ಒಮ್ಮೊಮ್ಮೆ ಅದಕ್ಕೂ ಹೆಚ್ಚು. ದಾರಿಯಲ್ಲಿ ಎಲ್ಲೋ ಒಂದು ಕೀಲು ತುಕ್ಕು ಹಿಡಿದು 0.05 ಓಮ್ ತಡೆ ಬಂದಿದೆ ಎಂದುಕೊಳ್ಳೋಣ. ಓಮ್‌ನ ಇಪ್ಪತ್ತನೆಯ ಒಂದು ಭಾಗ! ದೀಪದ ಪ್ರವಾಹ ಅದನ್ನು ದಾಟಿದರೆ ಕಳೆದುಹೋಗುವುದು ಅರ್ಧ ವೋಲ್ಟು. ಕಣ್ಣಿಗೆ ತಿಳಿಯುವುದೂ ಇಲ್ಲ. ಸೆಲ್ಫಿನ 80 ಆಂಪಿಯರು ಅದೇ ತುಕ್ಕನ್ನು ದಾಟಲು ಹೋದರೆ ಕಳೆದುಹೋಗುವುದು 4 ವೋಲ್ಟು. ಹನ್ನೆರಡರಲ್ಲಿ ನಾಲ್ಕು ದಾರಿಯಲ್ಲೇ ಸತ್ತರೆ ಮೋಟಾರು ತಿರುಗುವುದು ಯಾವ ಬಲದಿಂದ? ಕಿರುಗಾಲುವೆಯಲ್ಲಿ ಕೈತೋಟಕ್ಕೆ ನೀರು ಸರಾಗವಾಗಿ ಬಂದಿತೆಂದ ಮಾತ್ರಕ್ಕೆ ಅದೇ ಕಾಲುವೆ ಹತ್ತು ಎಕರೆ ಗದ್ದೆಗೆ ನೀರೊದಗಿಸೀತು ಎನ್ನಲಾಗುವುದಿಲ್ಲ.

ಇಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ಅಧ್ಯಾಯ ನೆನಪಿಗೆ ಬರುತ್ತದೆ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಸಾಗಿಸಿದರು. ಅಷ್ಟು ದೂರದ ತಂತಿಯಲ್ಲಿ ನಷ್ಟ ಮಿತಿಯಲ್ಲಿ ಉಳಿದದ್ದು ಹೇಗೆ? ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿ, ಆಂಪಿಯರನ್ನು ಇಳಿಸಿದ್ದರಿಂದ. ಹರಿಯುವ ಪ್ರವಾಹ ಕಡಮೆಯಾದರೆ ದಾರಿಯ ನಷ್ಟವೂ ಕಡಮೆ. ವ್ಯಾನಿನಲ್ಲಿ ಇದಕ್ಕೆ ತದ್ವಿರುದ್ಧ. ಒಂದು ಕಿಲೋವಾಟು ಬಲ ಬೇಕಾದರೆ ಮನೆಯ 230 ವೋಲ್ಟಿನಲ್ಲಿ ನಾಲ್ಕೂ ಕಾಲು ಆಂಪಿಯರು ಸಾಕು. ವ್ಯಾನಿನ 12 ವೋಲ್ಟಿನಲ್ಲಿ 83 ಆಂಪಿಯರು ಬೇಕು. ನೂರಾರು ಕಿಲೋಮೀಟರು ತಂತಿ ಮಾಡದ ಕೇಡನ್ನು ಇಲ್ಲಿ ಉಗುರಿನಷ್ಟು ತುಕ್ಕು ಮಾಡುತ್ತದೆ. ಹಳೆಯ ಗಾಡಿಗಳ ವಿದ್ಯುತ್ ತೊಂದರೆಗಳಲ್ಲಿ ಬಹುಪಾಲಿಗೆ ಬೀಜ ಇಲ್ಲಿದೆ.

ಇದು ಬರಿಯ ಪುಸ್ತಕದ ಮಾತಲ್ಲವೆಂಬುದಕ್ಕೆ ನಮ್ಮ ಮನೆಯ ಒಂದು ಪ್ರಸಂಗ ಹೇಳುತ್ತೇನೆ. ಸಕಲೇಶಪುರದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಪ್ಪ ಇಪ್ಪತ್ತು ವರ್ಷಕ್ಕೂ ಹಳೆಯದಾದ ಕಾರ್ಬ್ಯುರೇಟರಿನ ಓಮ್ನಿಯೊಂದನ್ನು ಓಡಿಸುತ್ತಾರೆ. ಬೆಳಗ್ಗೆ ಶಾಲೆಯ ಮಕ್ಕಳು. ವಾರಕ್ಕೆ ಎರಡು ದಿನ ನೆರೆಮನೆಯ ಹಿರಿಯರೊಬ್ಬರನ್ನು ಡಯಾಲಿಸಿಸ್ಸಿಗೆ ಹಾಸನಕ್ಕೆ ಕರೆದೊಯ್ಯುವುದು. ಮಿಕ್ಕ ಹೊತ್ತು ಸಂತೆ, ಮೆಣಸಿನ ಮೂಟೆ. ಹೋದ ವರ್ಷ ಮುಂಗಾರು ಹಿಡಿದ ಮೇಲೆ ವ್ಯಾನು ಬೆಳಗ್ಗೆ ಗೊಣಗತೊಡಗಿತು. ಪೇಟೆಯ ಒಂದು ವರ್ಕ್‌ಶಾಪಿನಲ್ಲಿ ಬ್ಯಾಟರಿ ಹೋಗಿದೆಯೆಂದರು. ನನ್ನ ತಂಗಿಯ ಹಾಸ್ಟೆಲ್ ಶುಲ್ಕಕ್ಕೆಂದು ಎತ್ತಿಟ್ಟ ಹಣದಲ್ಲಿ ಹೊಸ ಬ್ಯಾಟರಿ ಬಂತು. ವ್ಯಾನು ಹೊರಟಿತು. ಎಲ್ಲರಿಗೂ ಸಮಾಧಾನವಾಯಿತು. ಹನ್ನೆರಡು ದಿನ ಕಳೆದ ಮೇಲೆ, ಡಯಾಲಿಸಿಸ್ಸಿನ ದಿನವೇ, ಮತ್ತೆ ಟಕ್ ಎಂದು ನಿಂತಿತು. ಆ ಹಿರಿಯರನ್ನು ಯಾರದೋ ಜೀಪಿನಲ್ಲಿ ಕಳಿಸಿದ್ದಾಯಿತು. ಈ ಸಲ ವರ್ಕ್‌ಶಾಪಿನವರು ಸೆಲ್ಫ್ ಬದಲಾಯಿಸಬೇಕೆಂದರು.

ಬ್ಯಾಟರಿ ಹಾಕಿದ ಮೇಲೆ ಗಾಡಿ ಹೊರಟಿತಲ್ಲ, ಹಾಗಾದರೆ ದೋಷ ಬ್ಯಾಟರಿಯದೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವುದನ್ನು ಕಾಕತಾಳೀಯವೆನ್ನುತ್ತಾರೆ. ಇಲ್ಲಿ ಅದಕ್ಕಿಂತ ಒಂದು ಹೆಜ್ಜೆ ಸೂಕ್ಷ್ಮವಾದ ಭ್ರಮೆಯಿದೆ. ಬ್ಯಾಟರಿ ಬದಲಾಯಿಸುವಾಗ ತಂತಿಗಳು ಅಲುಗಾಡುತ್ತವೆ, ಕ್ಲಾಂಪುಗಳು ಬಿಗಿಯಾಗುತ್ತವೆ, ತುಂಬಿದ ಹೊಸ ಬ್ಯಾಟರಿ ಸ್ವಲ್ಪ ಹೆಚ್ಚಿನ ಬಲದಿಂದ ದೂಡುತ್ತದೆ. ಇವುಗಳಲ್ಲಿ ಯಾವುದರಿಂದ ಗುಣವಾಯಿತೆಂದು ಹೇಗೆ ಹೇಳುವುದು? ಹಲವು ಸಂಗತಿಗಳನ್ನು ಒಟ್ಟಿಗೆ ಬದಲಾಯಿಸಿದರೆ ಫಲ ಸಿಕ್ಕರೂ ಜ್ಞಾನ ಸಿಗುವುದಿಲ್ಲ. ಒಂದನ್ನೇ ಬದಲಾಯಿಸಿ ಮಿಕ್ಕದ್ದನ್ನು ಹಾಗೆಯೇ ಇಟ್ಟರೆ ಮಾತ್ರ ವ್ಯತ್ಯಾಸದ ಕಾರಣ ತಿಳಿಯುತ್ತದೆಂದು ಮಿಲ್ ಮಹಾಶಯನ ತರ್ಕದಲ್ಲಿ ನಾವು ಓದಿಲ್ಲವೆ?

ರಜೆಗೆ ಊರಿಗೆ ಹೋಗಿದ್ದ ನಾನು ಮಲ್ಟಿಮೀಟರು ಹಿಡಿದು ಸೀಟೆತ್ತಿದೆ. "ಲೈಟು ಚೆನ್ನಾಗೇ ಉರೀತದಲ್ಲ ಮಗ, ಕರೆಂಟು ಬರ್ತಾ ಅದೆ" ಎಂದರು ಚಿಕ್ಕಪ್ಪ. "ಬರ್ತದೆ ಚಿಕ್ಕಪ್ಪ, ಎಷ್ಟು ಬರ್ತದೆ ಅಂತ ನೋಡೋಣ" ಎಂದೆ. ಮೊದಲು ಗೇರನ್ನು ನ್ಯೂಟ್ರಲಿಗೆ ತಂದು, ಹ್ಯಾಂಡ್ ಬ್ರೇಕು ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟೆವು. ಎಂಜಿನು ಹೊತ್ತಿಕೊಳ್ಳದಿರಲೆಂದು ಇಗ್ನಿಷನ್ ಕಾಯಿಲಿಗೆ ಬರುವ ಸಣ್ಣ ತಂತಿಯನ್ನು ಕಳಚಿದೆವು. ವಿಶ್ರಾಂತಿಯಲ್ಲಿ ಬ್ಯಾಟರಿ 12.5 ವೋಲ್ಟು ತೋರಿತು. ಎಂದರೆ ಕೆರೆ ತುಂಬಿದೆ.

ಆಮೇಲಿನದು ಈ ಲೇಖನದ ಹೃದಯ. ಚಿಕ್ಕಪ್ಪ ಕೀಲಿಯನ್ನು ತಿರುಗಿಸಿ ಹಿಡಿದಿರುವಾಗಲೇ ನಾನು ನಾಲ್ಕು ಅಳತೆ ತೆಗೆದೆ. ಬ್ಯಾಟರಿಯ ಎರಡು ಕಂಬಗಳ ನಡುವೆ: 11.8. ಬ್ಯಾಟರಿಯ ಧನ ಕಂಬಕ್ಕೂ ಸೆಲ್ಫಿನ ದಪ್ಪ ಬೋಲ್ಟಿಗೂ ನಡುವೆ: 0.3. ಬ್ಯಾಟರಿಯ ಋಣ ಕಂಬಕ್ಕೂ ಸೆಲ್ಫಿನ ಲೋಹದ ಮೈಗೂ ನಡುವೆ: 4.0. ಸೆಲ್ಫಿನ ಬೋಲ್ಟಿಗೂ ಅದರ ಮೈಗೂ ನಡುವೆ: 7.5. ಕೂಡಿ ನೋಡಿ: ಮೂರು ಭಾಗಗಳ ಮೊತ್ತ 11.8. ಲೆಕ್ಕ ಸರಿಹೋಯಿತು. ಬ್ಯಾಟರಿ ಕೊಟ್ಟದ್ದು 11.8, ಹೋಗುವ ದಾರಿಯಲ್ಲಿ ಕಳೆದದ್ದು 0.3, ಮರಳುವ ದಾರಿಯಲ್ಲಿ ಕಳೆದದ್ದು 4. ಸೆಲ್ಫು ಪಾಪ, ತನಗೆ ದಕ್ಕಿದ ಏಳೂವರೆಯಲ್ಲಿ ಗೊಣಗುತ್ತಿತ್ತು. ಒಳ್ಳೆಯ ಸ್ಥಿತಿಯಲ್ಲಿರುವ ಗಾಡಿಯಲ್ಲಿ ಹೋಗುವ ದಾರಿಯ ನಷ್ಟ ಅರ್ಧ ವೋಲ್ಟನ್ನು ಮೀರಬಾರದು. ಮರಳುವ ದಾರಿಯದು 0.2 ಅಥವಾ 0.3ರೊಳಗೆ ಇರಬೇಕು.

ಈ ಅಳತೆಯನ್ನು ಪ್ರವಾಹ ಹರಿಯುತ್ತಿರುವಾಗಲೇ ತೆಗೆಯಬೇಕೆಂಬುದನ್ನು ಎಷ್ಟು ಸಲ ಹೇಳಿದರೂ ಕಡಮೆಯೇ. ಕೀಲಿ ತಿರುಗಿಸದೆ ಅಳೆದರೆ ಆ ಕೆಟ್ಟ ಕೀಲನ್ನು ದಾಟಿಯೂ ಮೀಟರು 12.5 ಎಂದೇ ತೋರಿಸುತ್ತದೆ. ಏಕೆಂದರೆ ಹರಿವು ಸೊನ್ನೆಯಾದರೆ, ಸೊನ್ನೆಯನ್ನು ಯಾವ ತಡೆಯಿಂದ ಗುಣಿಸಿದರೂ ನಷ್ಟ ಸೊನ್ನೆಯೇ. ತೂಬು ಮುಚ್ಚಿದ ಕಾಲುವೆಯಲ್ಲಿ ನಿಂತ ನೀರು ಎರಡು ತುದಿಯಲ್ಲೂ ಸಮವಾಗಿರುತ್ತದೆ. ಹೂಳು ಗೊತ್ತಾಗುವುದು ನೀರು ಬಿಟ್ಟಾಗ. ಇನ್ನೊಂದು ಮಾತು: ಮೀಟರಿನ ಮೊನೆಯನ್ನು ಕ್ಲಾಂಪಿಗಲ್ಲ, ಕ್ಲಾಂಪಿನ ನಡುವೆ ಕಾಣುವ ಸೀಸದ ಕಂಬಕ್ಕೇ ಒತ್ತಬೇಕು. ಕಂಬಕ್ಕೂ ಕ್ಲಾಂಪಿಗೂ ನಡುವೆಯೇ ತುಕ್ಕಿದ್ದರೆ ಅದೂ ಲೆಕ್ಕಕ್ಕೆ ಸಿಗಬೇಕಷ್ಟೆ.

ಮರಳುವ ದಾರಿ ಎಂದರೇನು? ಮೋಟಾರು ವಾಹನಗಳಲ್ಲಿ ಪ್ರತಿಯೊಂದಕ್ಕೂ ಎರಡು ತಂತಿ ಎಳೆಯುವುದಿಲ್ಲ; ಗಾಡಿಯ ಲೋಹದ ಮೈಯೇ ಮರಳುವ ತಂತಿ. ಇದನ್ನೇ ಅರ್ಥ್ ಎನ್ನುವುದು. ದೀಪಗಳ ಪ್ರವಾಹ ಮೈಯ ಮೂಲಕ ಬ್ಯಾಟರಿಗೆ ಮರಳುತ್ತದೆ. ಸೆಲ್ಫು ಕೂತಿರುವುದು ಎಂಜಿನಿನ ಮೇಲೆ. ಎಂಜಿನು ಕೂತಿರುವುದೋ ರಬ್ಬರಿನ ದಿಂಬುಗಳ ಮೇಲೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಆದ್ದರಿಂದ ಎಂಜಿನಿನಿಂದ ಬ್ಯಾಟರಿಯವರೆಗೆ ಮರಳುವ ದಾರಿಗೆ ಪ್ರತ್ಯೇಕವಾದ ಒಂದು ದಪ್ಪ ತಾಮ್ರದ ಪಟ್ಟಿ ಬೇಕು. ಆ ಪಟ್ಟಿ ಸಡಿಲವಾದರೆ ದೀಪ, ಹಾರ್ನು ಯಾವುದಕ್ಕೂ ತೊಂದರೆಯಿಲ್ಲ. ಸೆಲ್ಫಿಗೆ ಮಾತ್ರ ಉಪವಾಸ. ಚಿಕ್ಕಪ್ಪನ ವ್ಯಾನಿನಲ್ಲಿ ಆಗಿದ್ದುದು ಇದೇ. ಅವರು ಅದಕ್ಕೆ ಒಂದು ಸುಳಿವನ್ನೂ ಕಂಡಿದ್ದರು: ಸೆಲ್ಫ್ ಹೊಡೆದಾಗಲೆಲ್ಲ ಆಕ್ಸಿಲರೇಟರಿನ ಕೇಬಲ್ಲು ಬೆಚ್ಚಗಾಗುತ್ತಿತ್ತು. ಹೆದ್ದಾರಿ ಮುಚ್ಚಿದಾಗ ವಾಹನಗಳು ಓಣಿಗೆ ನುಗ್ಗುವಂತೆ, ಸರಿಯಾದ ದಾರಿ ಸಿಗದ ಪ್ರವಾಹ ಆ ಸಣ್ಣ ಉಕ್ಕಿನ ಕೇಬಲ್ಲಿನ ಮೂಲಕ ನುಗ್ಗುತ್ತಿತ್ತು.

ವ್ಯಾನಿನ ಅಡಿಗೆ ತೂರಿ ಪಟ್ಟಿಯ ಬೋಲ್ಟನ್ನು ಬಿಚ್ಚಿದಾಗ ಕೆಳಗೆ ಕೆಂಪು ತುಕ್ಕು, ಹಸಿರು ಕಿಲುಬು ಎರಡೂ ಇದ್ದವು. ಮಳೆ, ಕೆಸರು, ವಯಸ್ಸು ಇವುಗಳ ಕೆಲಸ. ಪಟ್ಟಿಯ ಎಳೆಗಳೂ ಅರ್ಧ ಹರಿದಿದ್ದವು. ಲೋಹ ಹೊಳೆಯುವವರೆಗೆ ಎಮರಿ ಕಾಗದದಿಂದ ಉಜ್ಜಿ, ಹೊಸ ಪಟ್ಟಿ ಹಾಕಿ ಬಿಗಿದು, ಮೇಲೆ ಸ್ವಲ್ಪ ಗ್ರೀಸು ಸವರಿದೆವು. ಮತ್ತೆ ಅಳೆದಾಗ ಮರಳುವ ದಾರಿಯ ನಷ್ಟ 0.1. ಖರ್ಚು ಮುನ್ನೂರು ರೂಪಾಯಿಯೊಳಗೆ. ಸೆಲ್ಫಿಗೆ ಕೈ ಹಚ್ಚಲಿಲ್ಲ. ಚಿಕ್ಕಪ್ಪ ಏನೂ ಮಾತಾಡದೆ ಮೂರು ಸಲ ಸ್ಟಾರ್ಟು ಮಾಡಿ ಮೂರು ಸಲ ನಿಲ್ಲಿಸಿದರು. ವರ್ಕ್‌ಶಾಪಿನವರನ್ನು ದೂರುವುದು ನನ್ನ ಉದ್ದೇಶವಲ್ಲ. ಸಾಲಾಗಿ ನಿಂತ ಹತ್ತು ಗಾಡಿಗಳ ನಡುವೆ ಒಬ್ಬೊಬ್ಬರಿಗೆ ಸಿಗುವ ಹೊತ್ತು ಅಲ್ಪ. ಆದರೆ ಬಡವನ ಗಾಡಿಯಲ್ಲಿ ಊಹೆಗೆ ತೆರುವ ಬೆಲೆ ಹೆಚ್ಚು.

ಇನ್ನು ಮೌನದ ವಿಷಯ. ಕೀಲಿ ತಿರುಗಿಸಿದರೆ ಟಕ್ ಎಂದೂ ಸದ್ದಿಲ್ಲದಿದ್ದರೆ, ಮೊದಲು ಬ್ಯಾಟರಿಯ ಕ್ಲಾಂಪುಗಳನ್ನೂ ಫ್ಯೂಸುಗಳನ್ನೂ ನೋಡಬೇಕು. ಅವು ಸರಿಯಿದ್ದರೆ ಸಾಲೆನಾಯ್ಡಿಗೆ ಬರುವ ಸಣ್ಣ ತಂತಿಯ ಕಡೆಗೆ ಗಮನ ಹರಿಸಬೇಕು. ಹನ್ನೆರಡು ವೋಲ್ಟಿನ ಬಲ್ಬಿಗೆ ಎರಡು ತಂತಿ ಕಟ್ಟಿದ ಟೆಸ್ಟ್ ಲ್ಯಾಂಪು ಇಲ್ಲಿ ಮೀಟರಿಗಿಂತ ಒಳ್ಳೆಯ ಸಾಕ್ಷಿ. ಏಕೆಂದರೆ ಅದು ಉರಿಯಲು ನಿಜವಾದ ಪ್ರವಾಹವೇ ಹರಿಯಬೇಕು. ಒಂದು ತುದಿಯನ್ನು ಗಾಡಿಯ ಲೋಹಕ್ಕೂ ಇನ್ನೊಂದನ್ನು ಆ ಸಣ್ಣ ತಂತಿಯ ಕೊನೆಗೂ ಮುಟ್ಟಿಸಿ, ಬೇರೊಬ್ಬರಿಂದ ಕೀಲಿ ತಿರುಗಿಸಬೇಕು. ಬಲ್ಬು ಪ್ರಕಾಶವಾಗಿ ಉರಿದರೂ ಸಾಲೆನಾಯ್ಡು ಮೌನವಾಗಿದ್ದರೆ ದೋಷ ಸೆಲ್ಫಿನದು ಅಥವಾ ಅದರ ಅರ್ಥಿನದು. ಬಲ್ಬು ಉರಿಯದಿದ್ದರೆ ದೋಷ ಕೀಲಿಯ ಸ್ವಿಚ್ಚಿನಲ್ಲೋ ನಡುವಿನ ತಂತಿಯಲ್ಲೋ ಇದೆ. ಹೀಗೆ ಒಂದೇ ಪರೀಕ್ಷೆ ಸಂದೇಹದ ಅರ್ಧ ರಾಜ್ಯವನ್ನು ಗೆದ್ದುಕೊಡುತ್ತದೆ. ದಾರಿಯ ಮಧ್ಯದಲ್ಲಿ ಪರೀಕ್ಷಿಸಿ, ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡುತ್ತ ಹೋಗುವುದು ಈ ವಿದ್ಯೆಯ ಕ್ರಮ.

ಎಂಜಿನು ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯನ್ನೂ ಪೆಟ್ರೋಲನ್ನೂ ವಿಚಾರಿಸಬೇಕು. ಹಳೆಯ ಪದ್ಧತಿಯ ಗಾಡಿಗಳಲ್ಲಿ ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟುಗಳು ಕೂಡುತ್ತ ಬಿಡುತ್ತ ಇರುತ್ತವೆ. ಬಿಟ್ಟಾಗಲೆಲ್ಲ ಕಾಯಿಲಿನ ಅಯಸ್ಕಾಂತ ಕ್ಷೇತ್ರ ಥಟ್ಟನೆ ಕುಸಿದು, ಹನ್ನೆರಡು ವೋಲ್ಟು ಇಪ್ಪತ್ತು ಸಾವಿರದ ಸುಮಾರಿಗೆ ಏರಿ, ಪ್ಲಗ್ಗಿನಲ್ಲಿ ಕಿಡಿಯಾಗಿ ಹಾರುತ್ತದೆ. ಟೆಸ್ಟ್ ಲ್ಯಾಂಪನ್ನು ಕಾಯಿಲಿನ ಡಿಸ್ಟ್ರಿಬ್ಯೂಟರ್ ಕಡೆಯ ಕೊನೆಗೂ ಗಾಡಿಯ ಲೋಹಕ್ಕೂ ಸೇರಿಸಿ ಸೆಲ್ಫ್ ಹೊಡೆದರೆ ಬಲ್ಬು ಮಿನುಗಬೇಕು. ಮಿನುಗದೆ ಉರಿಯುತ್ತಲೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ. ಉರಿಯದೇ ಇದ್ದರೆ ಕಾಯಿಲಿಗೆ ವಿದ್ಯುತ್ತು ಬರುತ್ತಿಲ್ಲ ಅಥವಾ ಪಾಯಿಂಟುಗಳು ಬಿಡುತ್ತಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಕೂತು ಕಿಡಿ ದಾರಿ ತಪ್ಪುವುದು ಮಾಮೂಲು. ಒಣ ಬಟ್ಟೆಯಿಂದ ಒರೆಸಿದರೆ ಎಷ್ಟೋ ಬೆಳಗುಗಳು ಉಳಿಯುತ್ತವೆ. ಇಂಜೆಕ್ಷನ್ ಪದ್ಧತಿಯ ವ್ಯಾನುಗಳಲ್ಲಾದರೆ ಕೀಲಿಯನ್ನು ಮೊದಲ ಹಂತಕ್ಕೆ ತಂದಾಗ ಪೆಟ್ರೋಲ್ ಪಂಪು ಒಂದೆರಡು ಸೆಕೆಂಡು ಗುಂಯ್‌ಗುಟ್ಟಬೇಕು, ಎಂಜಿನಿನ ಎಚ್ಚರಿಕೆ ದೀಪ ಹತ್ತಬೇಕು. ಎರಡೂ ಇಲ್ಲವೆಂದರೆ ಫ್ಯೂಸು ಮತ್ತು ರಿಲೇಗಳ ಕಡೆ ಕೈ ಹೋಗಬೇಕು.

ಆದರೆ ಇಲ್ಲಿಯೂ ಬ್ಯಾಟರಿ ವೇಷ ಮರೆಸಿಕೊಂಡು ಬರಬಹುದೆಂಬುದನ್ನು ಮರೆಯಬಾರದು. ಸೆಲ್ಫು ತಿರುಗುವಾಗ ಬ್ಯಾಟರಿಯ ವೋಲ್ಟೇಜು ಒಂಬತ್ತೂವರೆಗಿಂತ ಕೆಳಗೆ ಕುಸಿದರೆ, ಎಂಜಿನು ನಿಧಾನವಾಗಿ ತಿರುಗಿದರೂ ಕಾಯಿಲಿಗೆ ಬಲ ಸಾಲದೆ ಕಿಡಿ ಬಡವಾಗುತ್ತದೆ. ನೋಡುವವರು ಪ್ಲಗ್ಗನ್ನು ಬೈಯುತ್ತಾರೆ. ಅದಕ್ಕಾಗಿಯೇ ಯಾವ ರೋಗವಾದರೂ ಪರೀಕ್ಷೆ ಬ್ಯಾಟರಿಯಿಂದಲೇ ಆರಂಭವಾಗಬೇಕು.

ಕೆಲವು ಗಾಡಿಗಳು ಸಂಜೆ ಚೆನ್ನಾಗಿದ್ದು ಬೆಳಗ್ಗೆ ಸಾಯುತ್ತವೆ. ಆಗ ಎರಡು ಪ್ರಶ್ನೆ: ಹಗಲು ಬ್ಯಾಟರಿ ತುಂಬುತ್ತಿದೆಯೆ? ರಾತ್ರಿ ಸೋರುತ್ತಿದೆಯೆ? ಎಂಜಿನು ಓಡುತ್ತಿರುವಾಗ ಬ್ಯಾಟರಿಯಲ್ಲಿ 13.8ರಿಂದ 14.5 ವೋಲ್ಟು ಕಂಡರೆ, ನಮ್ಮವರು ಇನ್ನೂ ಡೈನಮೋ ಎಂದೇ ಕರೆಯುವ ಆಲ್ಟರ್ನೇಟರು ತನ್ನ ಕರ್ತವ್ಯ ಮಾಡುತ್ತಿದೆ. ಸೋರಿಕೆಯನ್ನು ತಿಳಿಯಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಯ ಋಣ ತಂತಿಯನ್ನು ಕಳಚಿ, ನಡುವೆ ಆಂಪಿಯರ್ ಮೀಟರನ್ನು ಸೇರಿಸಬೇಕು. ಆಗ ಕೀಲಿಯನ್ನು ಮಾತ್ರ ತಿರುಗಿಸಕೂಡದು. ಸೆಲ್ಫಿನ ಪ್ರವಾಹಕ್ಕೆ ಮೀಟರು ಉಳಿಯದು. 0.05 ಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಒಂದೊಂದೇ ಫ್ಯೂಸನ್ನು ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಮುಳ್ಳು ಇಳಿಯುವುದೋ ಆ ಸಾಲಿನಲ್ಲಿ ಕಳ್ಳನಿದ್ದಾನೆ. ಮರೆತು ಬಿಟ್ಟ 5 ವಾಟಿನ ಒಳದೀಪ 0.4 ಆಂಪಿಯರು ಕುಡಿಯುತ್ತದೆ. 35 ಆಂಪಿಯರ್-ಗಂಟೆಯ ಬ್ಯಾಟರಿಯನ್ನು ಅದು ಎರಡು ದಿನದೊಳಗೆ ಅರ್ಧ ಬರಿದು ಮಾಡೀತು.

ಪರೀಕ್ಷೆಗೆ ಕೈ ಹಾಕುವವರಿಗೆ ಕೆಲವು ಎಚ್ಚರಿಕೆಗಳು ಅವಶ್ಯ. ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಕೂಡದು. ಆಮ್ಲ ಚರ್ಮಕ್ಕೆ ತಾಗಿದರೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ತಂತಿ ಕಳಚುವಾಗ ಋಣ ತಂತಿ ಮೊದಲು, ಸೇರಿಸುವಾಗ ಅದೇ ಕೊನೆ. ಹಾಗೆ ಮಾಡಿದರೆ ಸ್ಪ್ಯಾನರು ಜಾರಿ ಗಾಡಿಯ ಮೈಗೆ ತಾಗಿದರೂ ಕಿಡಿ ಹಾರದು. ಎಂಜಿನು ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿ 'ಡೈನಮೋ ನೋಡುವ' ಹಳೆಯ ಚಾಳಿಯನ್ನು ಬಿಡಬೇಕು. ಅದರಿಂದ ಆಲ್ಟರ್ನೇಟರೇ ಸುಟ್ಟುಹೋಗಬಹುದು. ಸೆಲ್ಫನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಒಂದೇ ಸಮನೆ ಹೊಡೆಯಬಾರದು. ಬೇರೆ ಗಾಡಿಯ ಬ್ಯಾಟರಿಯಿಂದ ಸಹಾಯ ಪಡೆಯುವಾಗ ಧನಕ್ಕೆ ಧನ ಸೇರಿಸಿ, ಎರಡನೆಯ ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಯ ಋಣಕ್ಕೂ, ಕೊನೆಯ ತುದಿಯನ್ನು ಕೆಟ್ಟ ಗಾಡಿಯ ಎಂಜಿನಿನ ಲೋಹಕ್ಕೂ, ಬ್ಯಾಟರಿಯಿಂದ ದೂರದಲ್ಲಿ, ಸೇರಿಸಬೇಕು.

ಈ ವಿದ್ಯೆಗೆ ವಿಜ್ಞಾನದ ಪದವಿ ಬೇಡ. ಒಂದು ಮಲ್ಟಿಮೀಟರು, ಒಂದು ಟೆಸ್ಟ್ ಲ್ಯಾಂಪು, 10ನೆಯ ನಂಬರಿನ ಸ್ಪ್ಯಾನರು, ಒಂದು ತುಂಡು ಎಮರಿ ಕಾಗದ ಸಾಕು. ಇವಕ್ಕಿಂತ ಮುಖ್ಯವಾಗಿ ಬೇಕಾದದ್ದು 'ಆದ್ದರಿಂದ' ಎಂಬ ಮಾತನ್ನು ಬಳಸುವ ಮೊದಲು ಒಂದು ಕ್ಷಣ ತಡೆಯುವ ಅಭ್ಯಾಸ. ನಮ್ಮಲ್ಲಿ ಎಷ್ಟೋ ಮಂದಿಯ ಮನೆಗಳಲ್ಲಿ ಇಂಥ ಹಳೆಯ ಗಾಡಿಯೊಂದು ಸಂಸಾರದ ಭಾರ ಹೊತ್ತಿದೆ. ಅದು ನಿಂತ ದಿನ ಶಾಲೆಗೆ ಹೋಗದ ಮಕ್ಕಳು, ಆಸ್ಪತ್ರೆಗೆ ತಡವಾಗುವ ರೋಗಿ, ಕಟ್ಟದೆ ಉಳಿಯುವ ಶುಲ್ಕ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಮುಂದಿನ ಮಳೆಗಾಲಕ್ಕೆ ಮುಂಚೆ, ರಜೆಯ ಒಂದು ಮಧ್ಯಾಹ್ನ, ನಿಮ್ಮ ಮನೆಯ ಗಾಡಿಯ ಅರ್ಥ್ ಪಟ್ಟಿಯನ್ನೊಮ್ಮೆ ಬಿಚ್ಚಿ ನೋಡಿ. ಕೆಳಗೆ ಲೋಹ ಹೊಳೆಯುತ್ತಿದ್ದರೆ ಮತ್ತೆ ಬಿಗಿದು ಬಿಡಿ; ಹೊಳೆಯದಿದ್ದರೆ ಎಮರಿ ಕಾಗದ ನಿಮ್ಮ ಕೈಯಲ್ಲೇ ಇದೆಯಲ್ಲ!